ಕಾದಂಬರಿ ಮೊದಲಾ, ಸಿನಿಮಾ ಮೊದಲಾ? ಅನುಭವ ಇದ್ದವರು ಹೇಳಿ

ಅಂಗಳದ ತುಳಸಿ:
ಎಲ್ಲರಿಗೂ ನಮಸ್ಕಾರ. ಒಂದು ಸಲಹೆ ಬೇಕಿತ್ತು. ಅಮ್ಮನಿಗೆ 71. ಮೂರು ವಾರದ ಹಿಂದೆ ಎಡಗಣ್ಣಿನ ಪೊರೆ ತೆಗೆಸಿದೆವು, ಇನ್ನೊಂದು ತಿಂಗಳು ಪುಸ್ತಕ ಹಿಡಿಯಬೇಡಿ ಅಂದಿದ್ದಾರೆ. ಮಗಳಿಗೆ 14. ಕನ್ನಡ ಓದುತ್ತಾಳೆ, ಆದರೆ ಒತ್ತಕ್ಷರ ಬಂದಲ್ಲೆಲ್ಲ ಗಾಡಿ ನಿಲ್ಲುತ್ತೆ. ದಸರಾ ರಜೆಯಲ್ಲಿ ಮೂರೂ ಜನ ಕೂತು ಕಾದಂಬರಿ, ಅದರ ಸಿನಿಮಾ, ಹೀಗೆ ಜೋಡಿ ಜೋಡಿಯಾಗಿ ಮುಗಿಸೋಣ ಅಂತ ಆಸೆ.

ಈಚೆಗೆ ಎರಡು ಜೋಡಿ ಆಯ್ತು. ‘ಡೇರ್‌ಡೆವಿಲ್ ಮುಸ್ತಫಾ’ ಮೊದಲು ನೋಡಿ ಆಮೇಲೆ ತೇಜಸ್ವಿಯವರ ಕತೆ ಓದಿ ಹೇಳಿದೆ. ಮಗಳು ‘ಕತೆ ಇಷ್ಟೇನಾ?’ ಅಂದುಬಿಟ್ಟಳು. ‘ಬೆಟ್ಟದ ಜೀವ’ಕ್ಕೆ ಉಲ್ಟಾ ಮಾಡಿದೆವು, ಓದಿ ಆದಮೇಲೆ ನೋಡಿದ್ದು. ನನಗೂ ಮಗಳಿಗೂ ಗೋಪಾಲಯ್ಯನ ಪಾತ್ರ ಮಾಡಿದ ದತ್ತಣ್ಣ ತುಂಬಾ ಹಿಡಿಸಿದರು. ಅಮ್ಮ ಮಾತ್ರ ಅರ್ಧಕ್ಕೆ ಎದ್ದು, ‘ನನ್ನ ಗೋಪಾಲಯ್ಯ ಇವರಲ್ಲ’ ಅಂತ ಒಳಗೆ ಹೋಗಿ ಮಲಗಿದರು. ಹಾಗಾದರೆ ಯಾವುದು ಮೊದಲು? ಒಂದು ಮೂರು ಜೋಡಿ ಹೇಳಿ. ಪುಸ್ತಕಕ್ಕೆ ಒಟ್ಟು ರೂ. 1,500 ತೆಗೆದಿಟ್ಟಿದ್ದೇನೆ.

ಕೋಟೆ ಕಡೆಯವ:
ಓದು ಮೊದಲು. ಇದರಲ್ಲಿ ಕೇಳೋದೇನಿದೆ? ಉಲ್ಟಾ ಮಾಡಿ ಕೆಟ್ಟವನು ನಾನು, ಅದಕ್ಕೇ ಹೇಳ್ತಿದೀನಿ.

ನಮ್ಮದು ಚಿತ್ರದುರ್ಗ. ‘ನಾಗರಹಾವು’ ನಮಗೆ ಸಿನಿಮಾ ಅಲ್ಲ, ಮನೆಯ ಮದುವೆ ಕ್ಯಾಸೆಟ್ ಇದ್ದ ಹಾಗೆ. ಎಷ್ಟು ಸಲ ನೋಡಿದೀನಿ ಅನ್ನೋ ಲೆಕ್ಕ ಹೈಸ್ಕೂಲಲ್ಲೇ ತಪ್ಪಿಹೋಯ್ತು. 1972ರ ಆ ಚಿತ್ರಕ್ಕೆ ತ.ರಾ.ಸು. ಅವರ ಒಂದಲ್ಲ, ಮೂರು ಕಾದಂಬರಿ ಆಧಾರ ಅಂತ ನನಗೆ ತಿಳಿದಿದ್ದು 39ನೇ ವಯಸ್ಸಿಗೆ. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’. ಊರಿನವನಾಗಿ ನಾಚಿಕೆ ಆಯ್ತು. ಮೂರನ್ನೂ ಓದಿಯೇ ತೀರ್ತೀನಿ ಅಂತ ಹೊರಟೆ.

ಮೊದಲನೆಯದು ಅದೇ ವಾರ ಸಿಕ್ತು. ಎರಡನೆಯದಕ್ಕೆ ಎರಡು ತಿಂಗಳು ಹಿಡೀತು. ‘ಸರ್ಪಮತ್ಸರ’ಕ್ಕೆ ಏಳು ತಿಂಗಳು! ಕೊನೆಗೆ ಹಳೇ ಪುಸ್ತಕ ಮಾರೋ ಒಬ್ಬರ ಹತ್ತಿರ ಇದೆ ಅಂತ ಗೊತ್ತಾಗಿ ಫೋನ್ ಮಾಡಿದರೆ, ಬಿಡಿಯಾಗಿ ಕೊಡಲ್ಲ, ಕಟ್ಟು ಪೂರ್ತಿ ತಗೊಳ್ಳಿ ಅಂದ್ರು. ಕಟ್ಟಲ್ಲಿ 11 ಪುಸ್ತಕ, ರೂ. 900. ಬಸ್ಸಿನ ಪಾರ್ಸಲ್‌ಗೆ ಬೇರೆ ರೂ. 120. ಬಿಚ್ಚಿ ನೋಡಿದರೆ ಎರಡು ಕೋಳಿ ಸಾಕಣೆ ಪುಸ್ತಕ, ಒಂದು ಹಳೇ ಪಂಚಾಂಗ, ಉಳಿದಿದ್ದು ಪತ್ತೇದಾರಿ. ಬೇಕಾದ್ದು ತಳದಲ್ಲಿತ್ತು, ರಟ್ಟು ಹೋಗಿತ್ತು, ಆದರೂ ಕಣ್ಣಿಗೊತ್ತಿಕೊಂಡೆ.

ಆಮೇಲೆ ಕೇಳಿ ಸಂಕಟ. 23 ರಾತ್ರಿ ಓದಿದೆ. ಒಂದು ರಾತ್ರಿಯೂ ನನ್ನ ರಾಮಾಚಾರಿ ಅಂತ ಒಬ್ಬ ಹುಟ್ಟಲಿಲ್ಲ. ಪುಟ ತೆಗೆದರೆ ವಿಷ್ಣುವರ್ಧನ್. ಮೇಷ್ಟ್ರು ಬಾಯಿ ಬಿಟ್ಟರೆ ಅಶ್ವಥ್ ದನಿ. ಜಲೀಲ ಅಂತ ಬರೆದಿದ್ದರೆ ಅಂಬರೀಷ್ ಸೈಕಲ್ ಹಿಡಕೊಂಡು ನಿಂತಿರ್ತಾನೆ. ತ.ರಾ.ಸು. ಒಂದು ಪುಟ ಪೂರ್ತಿ ಆ ಹುಡುಗನ ಒಳಗಿನ ಕುದಿ ಬರೀತಾರೆ, ನನ್ನ ತಲೆ ಮಾತ್ರ ಹಾಡು ಯಾವಾಗ ಬರುತ್ತೆ ಅಂತ ಕಾಯ್ತಿರುತ್ತೆ. ಸಿನಿಮಾ ನೋಡಿ ಅವರು ‘ನಾಗರಹಾವನ್ನ ಕೇರೆಹಾವು ಮಾಡಿದ್ದಾರೆ’ ಅಂದಿದ್ರು ಅನ್ನೋ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಚಿಕ್ಕವನಿದ್ದಾಗ ಕೇಳಿ ಕೋಪ ಬರ್ತಿತ್ತು. ಈಗ ಅವರ ಹೊಟ್ಟೆಯುರಿ ಅರ್ಥ ಆಗುತ್ತೆ. ಒಂದು ಸಲ ಮುಖ ಅಂಟಿಕೊಂಡರೆ ಕಿತ್ತು ಬರಲ್ಲ ಸ್ವಾಮಿ.

ಪರದೆ ಪ್ರಿಯ:
ಮೇಲಿನವರು ಕೋಪ ಮಾಡ್ಕೋಬಾರದು. ಹೊಟ್ಟೆಯುರಿ ಪುಸ್ತಕದ್ದಲ್ಲ, ನಿಮ್ಮದು. ಸಿನಿಮಾನೇ ಮೊದಲು ನೋಡಬೇಕು, ಅದೂ ದೊಡ್ಡದಾಗಿ ನೋಡಬೇಕು. ನಾನು ಅದಕ್ಕಾಗಿ ಮನೆಯಲ್ಲಿ ಪ್ರೊಜೆಕ್ಟರ್ ಹಾಕಿಸಿದವನು. ಖರ್ಚು ಹೇಳ್ತೀನಿ, ಬೇರೆಯವರಿಗೂ ಉಪಯೋಗ ಆಗಲಿ.

ಪ್ರೊಜೆಕ್ಟರ್ ರೂ. 13,990. ಡಬ್ಬದ ಮೇಲೆ ಲ್ಯುಮೆನ್ಸ್ ಅಂತ ದೊಡ್ಡ ಸಂಖ್ಯೆ ಹಾಕಿದ್ದರು, ಸಂಜೆ ಆರಕ್ಕೆ ಹಾಕಿದರೆ ಗೋಡೆಯ ಮೇಲೆ ನೆನೆಸಿದ ಸೀರೆ ಒಣಹಾಕಿದ ಹಾಗೆ ಕಾಣ್ತಿತ್ತು. ವಾಪಸ್ ತಗೊಳ್ಳಿ ಅಂದರೆ, ಡಬ್ಬ ಬಿಚ್ಚಿದ್ದೀರಿ ಅಂದ್ರು. ಬಿಚ್ಚದೆ ಮಸುಕು ಅಂತ ಹೇಗೆ ಗೊತ್ತಾಗಬೇಕಿತ್ತು? ಕಿಟಕಿಗೆ ಕಪ್ಪು ಪರದೆ ರೂ. 2,600. ಬಿಳಿ ಪರದೆ ರೂ. 3,200, ಅದರ ಕೆಳಗಿನ ಕೋಲು ಮೂರನೇ ದಿನ ಕಳಚಿ ಬಿತ್ತು. ಸ್ಪೀಕರ್ ರೂ. 2,450. ಐದು ಮೀಟರ್ ಕೇಬಲ್ ಸಾಲದೆ ಹತ್ತು ಮೀಟರಿನದು ಮತ್ತೆ ರೂ. 780. ಫ್ಯಾನ್ ಹಾಕಿದರೆ ನೆರಳು ನಾಯಕಿಯ ಮುಖದ ಮೇಲೆ ಗರಗರ ಸುತ್ತುತ್ತೆ, ಹಾಕದಿದ್ದರೆ ನೋಡೋರು ಬೇಯ್ತಾರೆ. ಎಲೆಕ್ಟ್ರಿಷಿಯನ್ ಬಂದು ಫ್ಯಾನ್ ಸರಿಸೋಕೆ ರೂ. 600 ತಗೊಂಡು, ರೆಗ್ಯುಲೇಟರ್ ಸುಟ್ಟು ಹೋದ.

ಇಷ್ಟೆಲ್ಲ ಆದಮೇಲೆ ಮೊದಲ ದಿನ ಹಾಕಿದ್ದು ‘ಶರಪಂಜರ’. ಸಿಕ್ಕ ಕಾಪಿಯಲ್ಲಿ ಬಣ್ಣ ಹೋಗಿ ಎಲ್ಲ ಗುಲಾಬಿ. ಭಾವಮೈದುನ ಇಂಟರ್ವಲ್ಲಿಗೆ ಮೊದಲೇ ಗೊರಕೆ. ಆದರೆ ನಮ್ಮ ಅತ್ತೆ, ಹೆಂಡತಿಯ ತಾಯಿ, ಕೊನೆಯವರೆಗೂ ಅಲ್ಲಾಡದೆ ಕೂತಿದ್ದರು. ಮುಗಿದಮೇಲೆ ಲೈಟ್ ಹಾಕಬೇಡಿ ಅಂದರು. ಹೆರಿಗೆ ಆದಮೇಲೆ ಅವರ ಅಕ್ಕನಿಗೂ ಕಲ್ಪನಾ ಪಾತ್ರಕ್ಕೆ ಆಗೋ ಹಾಗೇ ಆಗಿತ್ತಂತೆ. ಮನೆಯಲ್ಲಿ ಅವರ ಹೆಸರು ಎತ್ತೋದು ಬಿಟ್ಟು 40 ವರ್ಷ. ನನಗೆ ಮದುವೆಯಾಗಿ 16 ವರ್ಷ, ಅಂಥ ಒಬ್ಬ ದೊಡ್ಡಮ್ಮ ಇದ್ದರು ಅಂತಲೇ ಗೊತ್ತಿರಲಿಲ್ಲ. ಮಾರನೇ ದಿನ ಅತ್ತೆಯೇ ಕೇಳಿದರು, ‘ತ್ರಿವೇಣಿಯವರ ಪುಸ್ತಕ ಇದೆಯಾ?’ ಅಂತ. ಎರಡು ರಾತ್ರಿಯಲ್ಲಿ ಮುಗಿಸಿದರು. ಪುಸ್ತಕ ಮೊದಲು ಕೊಟ್ಟಿದ್ದರೆ ಆ ಹೆಸರು ನೋಡಿ ಮುಟ್ತಾನೇ ಇರಲಿಲ್ಲ. ಆದ್ದರಿಂದ ಸಿನಿಮಾ ಮೊದಲು. ಇನ್ನು ವಿಷ್ಣು ಅವರ ಮೊದಲ ಚಿತ್ರದ ಬಗ್ಗೆ ಕೇರೆಹಾವು ಗೀರೆಹಾವು ಅಂತೆಲ್ಲ ಮಾತಾಡುವಾಗ ನಾಲಗೆ ಹಿಡಿತದಲ್ಲಿರಲಿ.

ಮಲಪ್ರಭಾ ದಂಡೆ:
ಇವೆಲ್ಲಾವ್ರ ಪಿಡಿಎಫ್ ಇದ್ರ ಕಳಸ್ರಿ ಯಾರರೆ.

ಹಾಳೆಹುಳ:
ಬಂತು ನೋಡಿ ಪಿಡಿಎಫ್. ಪ್ರತಿ ಸಲ ಇದೇ. ಕುಡಿಯೋ ಟೀಗೆ ಕೊಡೋರು ಪುಸ್ತಕಕ್ಕೆ ಮಾತ್ರ ಕೈ ಚಾಚ್ತಾರೆ.

ನನ್ನ ಹತ್ತಿರ 1,140 ಪುಸ್ತಕ ಇದ್ದವು. ‘ಇದ್ದವು’ ಅಂತ ಯಾಕಂದೆ ಗೊತ್ತಾ? ಕಳೆದ ಮಳೆಗಾಲದಲ್ಲಿ ಗೋಡೆ ಕಡೆಯ ಕಪಾಟಿಗೆ ಗೆದ್ದಲು ಹತ್ತಿತು. ಮುಂದಿನ ಸಾಲು ನೋಡೋಕೆ ಸರಿಯಾಗೇ ಇತ್ತು. ಬೆನ್ನು ಹಿಡಿದು ಎಳೆದರೆ ಕೈಗೆ ಬಂದಿದ್ದು ಬರೀ ಬೆನ್ನು, ಒಳಗೆ ಮಣ್ಣು. 83 ಪುಸ್ತಕ ಪೂರ್ತಿ ಹೋದವು, 41 ಅರ್ಧ. ಆ 41ಕ್ಕೆ ಬೈಂಡಿಂಗ್ ಮಾಡಿಸಿದೆ, ಒಂದಕ್ಕೆ ರೂ. 90. ಬೈಂಡ್ ಮಾಡೋನು ಅಂಚು ಕತ್ತರಿಸುವಾಗ ನಾಲ್ಕರಲ್ಲಿ ಕೊನೆಯ ಸಾಲನ್ನೂ ಸೇರಿಸಿ ಕತ್ತರಿಸಿಬಿಟ್ಟ. ಈಗ ಆ ನಾಲ್ಕು ಓದುವಾಗ ಪ್ರತಿ ಪುಟದ ಕೊನೆಯಲ್ಲಿ ಏನಿರಬಹುದು ಅಂತ ಊಹಿಸಿಕೊಂಡು ಮುಂದೆ ಹೋಗ್ತೀನಿ. ಔಷಧಿ ಹೊಡೆಸಿದ್ದು ರೂ. 4,800. ಒಂದು ವಾರ ಪುಸ್ತಕಗಳೆಲ್ಲ ಮಂಚದ ಮೇಲೆ, ನಾನು ನೆಲದ ಮೇಲೆ.

ಅದರಲ್ಲಿ ಅರ್ಧ ಹೋದದ್ದು ನನ್ನ ‘ಸಂಸ್ಕಾರ’. ಮೇಡಂ, ನೀವು ಮೊದಲು ಅದನ್ನು ಓದಿ. ಕಾದಂಬರಿ 1965ರದು, ಸಿನಿಮಾ 1970. ಕಾರ್ನಾಡರೇ ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯರೂ ಆದರು, ಲಂಕೇಶರು ನಾರಣಪ್ಪ. ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡೋ ಸ್ವರ್ಣಕಮಲವನ್ನು ಕನ್ನಡಕ್ಕೆ ಮೊದಲು ತಂದ ಚಿತ್ರ, ನಾನು ಕಡಿಮೆ ಮಾಡಿ ಹೇಳ್ತಿಲ್ಲ. ಆದರೆ ಆ ಪುಸ್ತಕದ ಕೊನೆಯ ಭಾಗ ನಡೆಯೋದೆಲ್ಲ ಆಚಾರ್ಯರ ತಲೆಯೊಳಗೆ. ಪುಟ್ಟನ ಜೊತೆ ಜಾತ್ರೆಗೆ ಹೋಗ್ತಾರೆ, ಕೋಳಿ ಅಂಕ ನೋಡ್ತಾರೆ, ಪ್ರತಿ ಹೆಜ್ಜೆಗೂ ಒಳಗೊಂದು ಪ್ರಪಂಚ ಕುಸೀತಿರುತ್ತೆ. ಕ್ಯಾಮೆರಾಕ್ಕೆ ಕಾಣೋದು ಒಬ್ಬ ಮನುಷ್ಯ ನಡೆಯೋದು, ಅಷ್ಟೇ. ಓದಿಕೊಂಡು ಹೋದವನಿಗೆ ಆ ನಡಿಗೆ ಅರ್ಥ ಆಗುತ್ತೆ. ಓದದವನು ಮೊಬೈಲ್ ತೆಗೀತಾನೆ. ಇನ್ನು ಪಿಡಿಎಫ್‌ನಲ್ಲಿ ಓದಿದವನ ಕತೆ ದೇವರಿಗೇ ಪ್ರೀತಿ.

ಮಲಪ್ರಭಾ ದಂಡೆ:
ಹಾಳೆಹುಳ ಸರ್, ಟೀ ಮಾತು ಬಿಡ್ರಿ. ನಮ್ಮೂರಾಗ ಪುಸ್ತಕದಂಗಡಿ ಅಂದ್ರ ನೋಟಬುಕ್ಕು, ಗೈಡು ಮಾರೋ ಅಂಗಡಿ. ರೂ. 140ರ ಪುಸ್ತಕಕ್ಕ ಅಂಚಿವೆಚ್ಚ ರೂ. 70 ಕೊಟ್ಟೇನಿ ನಾ. ಒಮ್ಮೆ ಹದಿನೆಂಟು ದಿವಸಕ್ಕ ಬಂತು, ಮಳ್ಯಾಗ ತೋಯ್ದು, ಹಾಳಿ ಒಂದಕ್ಕೊಂದು ಹತ್ತಿ ಹಪ್ಪಳ ಆಗಿತ್ತು. ವಾಪಸ್ ಕಳಸಾಕ ಮತ್ತ ರೂ. 70. ಮೊಬೈಲ್ನಾಗ ಓದೂದು ಹೌಸಿಗಲ್ರಿ, ದಿನಾ ಎರಡೂವರಿ ತಾಸು ಬಸ್ಸಿನ್ಯಾಗ ಹೊಕ್ಕತಿ, ಆ ಹೊತ್ತಿಗೆ.

ಈಗ ನನ್ನ ಮಾತು ಕೇಳ್ರಿ. ‘ಪರಸಂಗದ ಗೆಂಡೆತಿಮ್ಮ’ ಪುಸ್ತಕ ಮೂರು ಸಲ ಹಿಡದೆ, ಮೂರು ಸಲಾನೂ ಹತ್ತು ಪುಟಕ್ಕ ಬಿಟ್ಟೆ. ಆ ಮೈಸೂರು ಕಡೆ ಹಳ್ಳಿ ಮಾತು ನಮಗ ನಾಲಿಗಿ ಮ್ಯಾಲ ಕುಂಡ್ರಂಗಿಲ್ಲ. ಅಕ್ಷರ ಕನ್ನಡಾನ ಐತಿ, ದನಿ ಕೇಳಸೂದಿಲ್ಲ. ಒಂದಿನ ಸಿನಿಮಾ ನೋಡಿದೆ, 1978ರದು. ಲೋಕೇಶ್ ಬಾಯಿ ಬಿಟ್ಟಕೂಡ್ಲೆ ಆ ಮಾತಿನ ಏರಿಳಿತ ಕಿವಿಯಾಗ ಹೊಕ್ಕತು ನೋಡ್ರಿ. ಮತ್ತ ಪುಸ್ತಕ ತಗದೆ. ಎರಡು ದಿವಸ, ನಾಲ್ಕು ಬಸ್ಸು, ಮುಗದ ಹೋತು. ಗೆಂಡೆತಿಮ್ಮ ಪೇಟ್ಯಾಗಿನ ಸ್ನೋ ಪೌಡರು ಹೊತ್ಕೊಂಡು ಊರಿಗೆ ಬರ್ತಾನಲ್ಲ, ಅದನ್ನ ಓದಿ ನಗಾಕ ಹತ್ತಿದ್ದೆ, ಬಾಜೂಕ ಕುಂತಾವ್ರು ಹುಚ್ಚ ಅಂದ್ಕೊಂಡ್ರು. ಹಿಂದಿನ ಪುಟದಾಗ ನಕ್ಕಿದ್ದಕ್ಕ ಮುಂದ ಅಳೂ ಬಂತು. ಅದಕ್ಕ ನಾ ಹೇಳೂದು, ನಿಮ್ಮೂರ ಮಾತಿನ ಪುಸ್ತಕ ಆದ್ರ ಮೊದಲ ಓದ್ರಿ, ಬ್ಯಾರೆ ಸೀಮಿದಾದ್ರ ಮೊದಲ ಸಿನಿಮಾ. ಆ ಹುಡುಗಿಗೂ ಇದ ಸರಿ ಆಗ್ತೈತಿ ಅನಸ್ತೈತಿ ನನಗ. ಗೆದ್ದಲಾ ತಿನ್ನೂಮಟ ಇಟ್ಕೊಂಡು ಕುಂಡ್ರೂದಕಿಂತ ನಮ್ಮ ಪಿಡಿಎಫ್ ಚಲೋ.

ಹಾಳೆಹುಳ:
ಗೆದ್ದಲಿನ ಮಾತು ಎತ್ತಬಾರದಿತ್ತು ನೀವು. 83 ಪುಸ್ತಕ ಕಳಕೊಂಡವನ ಮುಂದೆ ಆಡೋ ಮಾತಾ ಅದು? ಲೇಖಕರಿಗೆ ಒಂದು ಪೈಸೆ ಹೋಗಲ್ಲ ನಿಮ್ಮ ಬಸ್ಸಿನ ಓದಿನಿಂದ. ಇಷ್ಟು ಹೇಳಿ ಸುಮ್ಮನಾಗ್ತೀನಿ.

(ಸುಮ್ಮನಾಗಲ್ಲ. ತೋಯ್ದ ಪುಸ್ತಕಕ್ಕೆ ಹಾಳೆ ಹಾಳೆಯ ನಡುವೆ ಬಿಳಿ ಟಿಶ್ಯೂ ಇಟ್ಟು, ಮೇಲೆ ಭಾರ ಹೇರಿ, ಫ್ಯಾನ್ ಕೆಳಗೆ ಇಡಿ. ದಿನಾ ಟಿಶ್ಯೂ ಬದಲಾಯಿಸಿ. ಬಿಸಿಲಿಗೆ ಮಾತ್ರ ಇಡಬೇಡಿ, ಹಾಳೆ ಸುರುಟಿಕೊಳ್ಳುತ್ತೆ.)

ತೆಂಕು ಗಾಳಿ:
ನಿಮ್ಮ ಜಗಳ ನೋಡಿ ನಗು ಬಂತು ಮಾರಾಯ್ರೆ. ಓದುವುದು, ನೋಡುವುದು ಬಿಟ್ಟು ಇನ್ನೊಂದು ಉಂಟು, ಕೇಳುವುದು.

ನನ್ನ ಅಪ್ಪನಿಗೆ ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋದದ್ದು. ಮೊದಲು ಕಾರಂತರು ಅಂದರೆ ಜೀವ ಬಿಡುವವರು. ಕಣ್ಣು ಹೋದ ಮೇಲೆ ಪುಸ್ತಕದ ಸುದ್ದಿಯೇ ಎತ್ತಲಿಲ್ಲ, ಅದು ನನಗೆ ಹೆಚ್ಚು ಬೇಜಾರು. ‘ಚೋಮನ ದುಡಿ’ ಸಣ್ಣ ಪುಸ್ತಕ ಅಲ್ವಾ, ಅದನ್ನು ಓದಿ ಫೋನಿನಲ್ಲಿ ರೆಕಾರ್ಡ್ ಮಾಡುವ ಅಂತ ಕೂತೆ. ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ, ರಾತ್ರಿ ಹತ್ತರ ನಂತರ. ಒಂಬತ್ತು ರಾತ್ರಿ ಆಯಿತು, ಒಟ್ಟು 5 ಗಂಟೆ 40 ನಿಮಿಷ. ಎರಡನೇ ರಾತ್ರಿಯದ್ದು ಪೂರ್ತಿ ಕಪ್ಪೆ ವಟವಟ, ಪುನಃ ಓದಿದೆ. ಐದನೆಯದರಲ್ಲಿ ಯಾರೋ ಕೆಮ್ಮಿದ್ದು, ಅದೂ ಪುನಃ. ಚೋಮನ ಮಗಳು ಬೆಳ್ಳಿಯ ಭಾಗ ಓದುವಾಗ ನನ್ನದೇ ಗಂಟಲು ಕಟ್ಟಿತು, ಅದನ್ನು ಹಾಗೇ ಬಿಟ್ಟೆ.

ಮುಗಿದ ಮಾರನೇ ದಿನ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ನೀರು ಸೇದುವಾಗ ಫೋನು ಕಿಸೆಯಿಂದ ಜಾರಿ ಸೀದಾ ಒಳಗೆ. ಬೇರೆ ಎಲ್ಲಿಯೂ ಕಾಪಿ ಇಟ್ಟಿರಲಿಲ್ಲ. ಬಾವಿಗೆ ಇಳಿಯುವವರಿಗೆ ರೂ. 500 ಕೊಟ್ಟೆ, ಕೆಸರಲ್ಲಿ ಕೈ ಹಾಕಿ ನೋಡಿ ಮೇಲೆ ಬಂದದ್ದು ಒಂದು ಹಳೇ ತಂಬಿಗೆ ಹಿಡ್ಕೊಂಡು. ಅದು ಅಜ್ಜಿಯದ್ದಂತೆ, ಅಮ್ಮನಿಗೆ ಭಾರೀ ಖುಷಿ. ನಾನು ಎರಡು ದಿನ ಊಟ ಸರಿ ಮಾಡಲಿಲ್ಲ.

ಪುನಃ ಓದುವ ಧೈರ್ಯ ಬರಲಿಲ್ಲ. ಸಿನಿಮಾ ಹಾಕಿದೆ, ಬಿ.ವಿ. ಕಾರಂತರದ್ದು, 1975ರದ್ದು. ಕಾಣದವರಿಗೆ ಸಿನಿಮಾ ಎಂತಕೆ ಅಂತ ಅಣ್ಣ ಬೈದ. ಅಪ್ಪ ಗೋಡೆ ಕಡೆ ಮುಖ ಮಾಡಿ ಕೂತು ಕೇಳಿದರು. ಮಾತು ಬರುವಾಗ ಸುಮ್ಮನೆ ಇದ್ದರು. ದುಡಿಯ ಶಬ್ದ ಶುರು ಆದಾಗ ತೊಡೆ ಮೇಲೆ ಬೆರಳು ಆಡ್ಲಿಕ್ಕೆ ಸುರು. ಮುಗಿಯುವವರೆಗೆ ನಿಲ್ಲಲಿಲ್ಲ. ವಾಸುದೇವರಾಯರಿಗೆ ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂದದ್ದು ಎಲ್ಲರಿಗೂ ಗೊತ್ತುಂಟು, ನನ್ನ ಅಪ್ಪ ಮಾತ್ರ ಅವರ ಮುಖ ನೋಡದೆ ಮೆಚ್ಚಿದವರು. ಆದರೆ ಮರುದಿನ ಅಪ್ಪ ಹೇಳಿದ್ದೇನು ಗೊತ್ತುಂಟಾ? ‘ಸಿನಿಮಾ ಒಳ್ಳೇದಿತ್ತು. ನೀನು ಓದಿದ್ದು ಎಲ್ಲಿ ಹೋಯಿತು?’ ನಾನು ಓದುವುದನ್ನು ಗೋಡೆ ಆಚೆಯಿಂದ ಒಂಬತ್ತು ರಾತ್ರಿಯೂ ಕೇಳಿಸಿಕೊಂಡಿದ್ದರಂತೆ.

ವೇಗದೂತ:
ತುಂಬಾ ಉದ್ದ ಬರೀತೀರಪ್ಪಾ ಎಲ್ಲರೂ. ಟೈಮ್ ಇಲ್ಲದೋರಿಗೆ ನನ್ನ ವಿಧಾನ: ಕಾದಂಬರಿಯ ಸಾರಾಂಶದ ವಿಡಿಯೋ ಹತ್ತು ನಿಮಿಷ, ಆಮೇಲೆ ಸಿನಿಮಾ ಒಂದೂವರೆ ಪಟ್ಟು ಸ್ಪೀಡಲ್ಲಿ. ಹೋದ ತಿಂಗಳು ಒಂದೇ ಭಾನುವಾರ ‘ಘಟಶ್ರಾದ್ಧ’, ‘ದ್ವೀಪ’ ಎರಡೂ ಮುಗಿಸಿದೆ. ಚೆನ್ನಾಗಿವೆ.

ಪರದೆ ಪ್ರಿಯ:
‘ಘಟಶ್ರಾದ್ಧ’ ಒಂದೂವರೆ ಪಟ್ಟು ಸ್ಪೀಡಲ್ಲಾ? ಶ್ರಾದ್ಧ ಮಾಡಿದ್ದು ನೀವು ಗುರು.

ಹಾಳೆಹುಳ:
ಜೀವನದಲ್ಲಿ ಮೊದಲ ಸಲ ಪರದೆ ಪ್ರಿಯರ ಮಾತನ್ನು ಒಪ್ತಿದೀನಿ. 1977ರ ಚಿತ್ರ ಅದು. ಹಳೇ ರೀಲನ್ನು ಒಂದೊಂದು ಚೌಕಟ್ಟಾಗಿ ಸರಿಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಅಲ್ಲಿ ಕೂತವರಿಗೆ ಕನ್ನಡದ ಒಂದಕ್ಷರ ಬರದೆ ಇರಬಹುದು, ಪೂರ್ತಿ ಸಮಯ ಕೊಟ್ಟು ನೋಡಿದರು. ನಿಮಗೆ ಭಾನುವಾರ ಸಾಲಲಿಲ್ಲ. ಆ ಹುಡುಗ ನಾಣಿ ಯಮುನಕ್ಕನ ಮುಖ ನೋಡಿಕೊಂಡು ಸುಮ್ಮನೆ ನಿಲ್ಲೋದೇ ಆ ಕತೆ. ಅವನಿಗೆ ಅರ್ಥ ಆಗಲ್ಲ, ಆದರೆ ಏನೋ ಆಗ್ತಿದೆ ಅಂತ ಗೊತ್ತು. ಆ ಮೌನವನ್ನು ಓಡಿಸಿದರೆ ಉಳಿಯೋದೇನು?

ವೇಗದೂತ:
ನನಗೆ ಎರಡು ಶಿಫ್ಟು ಕೆಲಸ ಸರ್. ಅವಳಿ ಮಕ್ಕಳು, ಒಂದೂವರೆ ವರ್ಷ. ನೀವು ಗೆದ್ದಲು ಎಣಿಸ್ತಾ ಕೂತಿದ್ದ ವಾರ ನಾನು ಒಟ್ಟು ಎಷ್ಟು ಗಂಟೆ ನಿದ್ದೆ ಮಾಡಿದೆ ಅಂತ ಕೇಳಿ. ಒಂದೂವರೆ ಪಟ್ಟಿನಲ್ಲೂ ಯಮುನಕ್ಕನಿಗೆ ಅತ್ತಿದೀನಿ. ಬೇಗ ಅತ್ತೆ, ಅಷ್ಟೇ.

ಮಲಪ್ರಭಾ ದಂಡೆ:
ಇದಕ್ಕ ಒಂದು ಲೈಕು ನಂದು.

ಬಾಕಿ ಫೈಲು:
ತೇಜಸ್ವಿ ಕತೆ ‘ಇಷ್ಟೇನಾ’ ಅಂದ ಮಗುವಿಗೆ ಹೇಳಿ, ಆ ಕತೆ ಇರುವ ‘ಅಬಚೂರಿನ ಪೋಸ್ಟಾಫೀಸು’ ಒಂದೇ ಸಂಕಲನದಿಂದ ನಾಲ್ಕು ಸಿನಿಮಾ ಬಂದಿವೆ. ಶೀರ್ಷಿಕೆಯ ಕತೆ, ‘ತಬರನ ಕಥೆ’, ‘ಕುಬಿ ಮತ್ತು ಇಯಾಲ’, ಈಗ ‘ಮುಸ್ತಫಾ’. ಪುಸ್ತಕ ಹೇಗೂ ನಿಮ್ಮ ಮನೆಗೆ ಬಂದಾಗಿದೆ. ನಿಮ್ಮ ರೂ. 1,500 ಹಾಗೇ ಉಳಿಯುತ್ತೆ.

ಆದರೆ ‘ತಬರನ ಕಥೆ’ ಯಾವುದು ಮೊದಲು ಅಂತ ನನ್ನನ್ನು ಕೇಳಬೇಡಿ. ನನಗೆ ಮೂರನೆಯದೊಂದು ಮೊದಲಾಯಿತು.

ಅಪ್ಪ 2009ರಲ್ಲಿ ನಿವೃತ್ತಿಯಾದರು. ಸೇವಾ ಪುಸ್ತಕದಲ್ಲಿ ಒಂದು ವರ್ಷದ ನಮೂದು ಇರಲಿಲ್ಲ. ಆ ವರ್ಷ ಅವರು ಬೇರೆ ತಾಲ್ಲೂಕಿನಲ್ಲಿದ್ದರು, ಅಲ್ಲಿ ಕೇಳಿದರೆ ಇಲ್ಲಿಗೆ ಕಳಿಸಿದ್ದೇವೆ, ಇಲ್ಲಿ ಕೇಳಿದರೆ ಬಂದಿಲ್ಲ. ನಾನು ಹೋದದ್ದು 27 ಸಲ. ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಒಂದು ಕಡೆಗೆ ಬಸ್ ಚಾರ್ಜು ರೂ. 38. ನಾಲ್ಕು ಸಲ ಆ ಗುಮಾಸ್ತರು ರಜೆ, ಆರು ಸಲ ಮೀಟಿಂಗು, ಎರಡು ಸಲ ಕರೆಂಟಿಲ್ಲ. ಒಂದು ಸಲ ಫೈಲು ಸಿಕ್ಕಿತು, ನೋಡಿದರೆ ಅದೇ ಹೆಸರಿನ ಬೇರೆಯವರದು. ಜೆರಾಕ್ಸಿಗೇ ರೂ. 640 ಆಗಿದೆ, ಒಂದೇ ಕಾಗದವನ್ನು ಒಂಬತ್ತು ಸಲ ಕೊಟ್ಟಿದ್ದೇನೆ. ಅಪ್ಪನಿಗೆ ಕಾಲಿನಲ್ಲಿ ಗಾಯ ಇತ್ತು. ಹೆಚ್ಚು ಹೇಳುವುದಿಲ್ಲ. ಆದೇಶ ಬಂದಾಗ ಅದನ್ನು ಅಮ್ಮನ ಹೆಸರಿಗೆ ಬದಲಾಯಿಸಬೇಕಾಗಿತ್ತು. ಅದಕ್ಕೆ ಮತ್ತೆ ಐದು ಸಲ.

ಅದೆಲ್ಲ ಮುಗಿದು ವರ್ಷಗಳಾದ ಮೇಲೆ ಯಾರೋ ‘ಒಳ್ಳೆಯ ಸಿನಿಮಾ, ನೋಡು’ ಅಂದರು. ತಬರಶೆಟ್ಟಿ, ಪಿಂಚಣಿ, ಹೆಂಡತಿಯ ಕಾಲು ಕೊಳೆಯುತ್ತಿರುವುದು. ಚಾರುಹಾಸನ್ ಕಚೇರಿಯ ಮೆಟ್ಟಿಲ ಹತ್ತಿರ ನಿಲ್ಲುವ ರೀತಿ ನೋಡಿ ಟಿವಿ ಆರಿಸಿದೆ. ಹಾಗೇ ನಿಲ್ಲುತ್ತಿದ್ದರು ನಮ್ಮಪ್ಪ, ಒಂದು ಕೈ ಗೋಡೆಗೆ ಕೊಟ್ಟು. ಮೂರು ಕಂತಿನಲ್ಲಿ ಮುಗಿಸಿದೆ, ಎರಡು ತಿಂಗಳು ಹಿಡಿಯಿತು. ಆಮೇಲೆ ಕತೆ ಓದಿದೆ. ಒಂದೇ ಕೂತಲ್ಲಿ ಓದಿಸಿಕೊಂಡಿತು, ಅದೇ ನನಗೆ ಆಶ್ಚರ್ಯ. ತೇಜಸ್ವಿ ಆ ಕಚೇರಿಗಳನ್ನು ನೋಡಿ ಒಳಗೊಳಗೇ ನಗುತ್ತಿರುತ್ತಾರೆ. ಆ ನಗು ಇರದಿದ್ದರೆ ನನಗೆ ಓದಲು ಆಗುತ್ತಿರಲಿಲ್ಲ. ಸಿನಿಮಾ ನಗುವುದಿಲ್ಲ.

ಕೋಟೆ ಕಡೆಯವ:
ಬಾಕಿ ಫೈಲು ಅವರೇ, ನಿಮಗೊಂದು ನಮಸ್ಕಾರ.

ಪರದೆ ಪ್ರಿಯರಿಗೆ ಬೇರೆ. ‘ವಿಷ್ಣು ಅವರ ಮೊದಲ ಚಿತ್ರ’ ಅಂತ ಬರೆದಿದ್ದೀರಿ. ‘ನಾಗರಹಾವು’ ನಾಯಕನಾಗಿ ಮೊದಲನೆಯದು. ಅದಕ್ಕೂ ಮುಂಚೆ ‘ವಂಶವೃಕ್ಷ’ದಲ್ಲಿ ಸಣ್ಣ ಪಾತ್ರ ಮಾಡಿದ್ದರು, ಆಗಿನ್ನೂ ಸಂಪತ್ ಕುಮಾರ್. ಅದೂ ಕಾದಂಬರಿಯಿಂದ ಬಂದ ಚಿತ್ರವೇ, ಭೈರಪ್ಪನವರದು. ನಾಲಗೆ ಹಿಡಿತದಲ್ಲಿರಲಿ ಅಂದವರು ಮಾಹಿತಿಯನ್ನೂ ಹಿಡಿತದಲ್ಲಿಡಿ.

ಪರದೆ ಪ್ರಿಯ:
ನಾಯಕನಾಗಿ ಅನ್ನೋದು ಹೇಳದೆಯೇ ಗೊತ್ತಾಗೋ ವಿಷಯ. ಪ್ರತಿ ಸಲ ಯಾರಾದರೂ ಒಬ್ಬರು ‘ವಂಶವೃಕ್ಷ’ ತಗೊಂಡು ಬಂದೇ ಬರ್ತಾರೆ. ಮೂರು ಪುಸ್ತಕ ಓದೋಕೆ 39 ವರ್ಷ ಕಾದವರಿಂದ ಪಾಠ ಬೇಡ.

ಕೋಟೆ ಕಡೆಯವ:
ಗುಲಾಬಿ ಬಣ್ಣದ ‘ಶರಪಂಜರ’ ನೋಡೋಕೆ 20 ಸಾವಿರ ಸುರಿದವರಿಂದ ನನಗೂ ಬೇಡ.

ಪರದೆ ಪ್ರಿಯ:
23,620. ಫ್ಯಾನ್ ಸರಿಸಿದ್ದೂ ಸೇರಿ. ರೆಗ್ಯುಲೇಟರ್ ಬೇರೆ.

ಅಂಗಳದ ತುಳಸಿ:
ಎಲ್ಲರಿಗೂ ಧನ್ಯವಾದ, ಆದರೆ ಅಮ್ಮನ ಕಣ್ಣಿನ ಬಗ್ಗೆ ಒಬ್ಬರೂ ಮಾತಾಡಿಲ್ಲ! ಪರವಾಗಿಲ್ಲ. ನಿನ್ನೆ ರಾತ್ರಿ ನೀವು ಬರೆದಿದ್ದನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. ನನ್ನ ಗಂಟಲು ಸೋತಮೇಲೆ ಮಗಳು ಓದಿದಳು. ಮಲಪ್ರಭಾ ದಂಡೆಯವರ ಭಾಗ ಓದುವಾಗ ಇಬ್ಬರಿಗೂ ನಗು ತಡೆಯಲಾಗಲಿಲ್ಲ, ಬೇಜಾರಾಗಬೇಡಿ. ಅವಳು ಓದಿದ್ದು ಹಾಗಿತ್ತು. ‘ಸಂಸ್ಕಾರ’ ಈಗಲೇ ಬೇಡ ಅಂತ ಅಮ್ಮ ಅಂದರು, ಕಾರಣ ಹೇಳಲಿಲ್ಲ. ಇವತ್ತಿನಿಂದ ‘ತಬರನ ಕಥೆ’, ಮಗಳೇ ಓದ್ತಾಳಂತೆ. ತೆಂಕು ಗಾಳಿಯವರೇ, ಅಮ್ಮ ಎರಡು ಸಲ ಕೇಳಿದರು, ಆ ಫೋನು ಆಮೇಲೆ ಸಿಕ್ಕಿತಾ?

ತೆಂಕು ಗಾಳಿ:
ಸಿಕ್ಕಲಿಲ್ಲ ಅಂತ ಹೇಳಿ ಅಮ್ಮನಿಗೆ. ಏಪ್ರಿಲ್‌ನಲ್ಲಿ ನೀರು ಕಡಿಮೆ ಆದಾಗ ಇನ್ನೊಮ್ಮೆ ಇಳಿಸುವುದುಂಟು. ಸಿಕ್ಕಿದರೂ ಎಂತ ಪ್ರಯೋಜನ ಇಲ್ಲ, ಗೊತ್ತುಂಟು. ಅಪ್ಪನ ಒತ್ತಾಯ.

ಮಲಪ್ರಭಾ ದಂಡೆ:
ಕೋಟಿ ಕಡ್ಯಾವ್ರ, ಆ ಕೋಳಿ ಸಾಕಣಿ ಪುಸ್ತಕ ಇನ್ನೂ ಅದಾವೇನ್ರಿ? ನಮ್ಮ ತಮ್ಮಗ ಬೇಕಾಗ್ಯಾವು. ರೊಕ್ಕ ಕೊಡ್ತೀನಿ, ಪಿಡಿಎಫ್ ಕೇಳಂಗಿಲ್ಲ.

ಕೋಟೆ ಕಡೆಯವ:
ಎರಡೂ ಇವೆ. ರೂ. 100 ಕೊಡಿ, ಪಾರ್ಸಲ್ ನಿಮ್ಮದು. ಮೊದಲೇ ಹೇಳಿಬಿಡ್ತೀನಿ, ಒಂದರಲ್ಲಿ ರೋಗಗಳ ಅಧ್ಯಾಯವನ್ನ ಯಾರೋ ಹರಕೊಂಡು ಹೋಗಿದ್ದಾರೆ.